ಶೆಟಿಗೆವ್ವನ ಕಾಗದ

ನನಗೆ ಸುಶ್ರುತ ಎಂದು ಹೆಸರಿಟ್ಟವರು ನಮ್ಮ ತಂದೆ ಪಂಢರಿನಾಥರು. ಪುರಾತನ ಶಸ್ತ್ರವೈದ್ಯನ ಹೆಸರಿಟ್ಟರೆ ಮಗ ಒಂದಲ್ಲ ಒಂದು ದಿನ ಕತ್ತಿ ಹಿಡಿಯುತ್ತಾನೆ ಎಂಬುದು ಅವರ ಹಂಚಿಕೆ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಗೆಳೆಯನೊಬ್ಬ ಆಟದಲ್ಲಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡ. ಅವನು ಅಳಲಿಲ್ಲ. ನೋಡಿದ ನಾನು ಬವಳಿ ಬಂದು ಬಿದ್ದೆ. ಕುಂಟುತ್ತ ಅವನೇ ನನ್ನನ್ನು ಹೊತ್ತು ತಂದು ಮನೆಯ ಕಟ್ಟೆಯ ಮೇಲೆ ಮಲಗಿಸಿದ. ಅಲ್ಲಿಗೆ ತಂದೆಯವರ ಹಂಚಿಕೆ ಮುಗಿಯಿತು. ಮುಂದೆ ನಾನು ರಕ್ತ ಕಣ್ಣಿಗೆ ಬೀಳದಷ್ಟು ಸಣ್ಣದನ್ನು, ಅಂದರೆ ಜೀವಕೋಶವನ್ನು, ಓದಿ ಡಾಕ್ಟರನಾದೆ. ಓಣಿಯವರು ಈಗಲೂ ಕೆಮ್ಮಿಗೆ ಔಷಧ ಕೇಳಿಕೊಂಡು ಬರುತ್ತಾರೆ. ನನಗೆ ಗೊತ್ತಿಲ್ಲ ಎಂದರೆ ಸೊಕ್ಕು ಅನ್ನುತ್ತಾರೆ.

ತಂದೆಯವರ ಆಸೆ ಕಡೆಗೂ ಸೊಸೆಯ ರೂಪದಲ್ಲಿ ತೀರಿತು. ನನ್ನ ಹೆಂಡತಿ ಋತುಜಾ ಕಣ್ಣಿನ ಶಸ್ತ್ರವೈದ್ಯೆ. ಎರಡು ಸಾವಿರದ ನಾಲ್ಕರಲ್ಲಿ ನಾವಿಬ್ಬರೂ ಧಾರವಾಡದ ಲಕಮನಹಳ್ಳಿಯ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿದ್ದೆವು. ಅವಳು ಮೇಲಿನ ಮಹಡಿಯಲ್ಲಿ ಕಣ್ಣು ಕೊಯ್ಯುತ್ತಿದ್ದಳು, ನಾನು ಕೆಳಗೆ ಒಂದು ಕೋಣೆಯಲ್ಲಿ ಕಣ್ಣು ಬೆಳೆಯುತ್ತಿದ್ದೆ.

ಇಡೀ ಕಣ್ಣಲ್ಲ, ಗಾಬರಿಯಾಗಬೇಡಿ. ಕಣ್ಣಿನ ಕರಿಗುಡ್ಡೆಯ ಮೇಲೆ ಒಂದು ತೆಳುವಾದ ಪರದೆ ಇರುತ್ತದೆ. ಅದು ದಿನವೂ ಸವೆಯುತ್ತದೆ, ದಿನವೂ ಹೊಸದಾಗುತ್ತದೆ. ಹೊಸದು ಮಾಡುವ ಆಕರಕೋಶಗಳು ಕಪ್ಪು ಬಿಳುಪು ಕೂಡುವ ಅಂಚಿನಲ್ಲಿ ಸುತ್ತಲೂ ಕೂತಿರುತ್ತವೆ. ಇಂಗ್ಲಿಷ್ ಕಲಿತವರು ಅವನ್ನು ಸ್ಟೆಮ್ ಸೆಲ್ ಎನ್ನುತ್ತಾರೆ. ಸುಣ್ಣವೋ ಆ್ಯಸಿಡ್ಡೋ ಸಿಡಿದು ಆ ಅಂಚು ಸುಟ್ಟುಹೋದರೆ ಪರದೆ ಮತ್ತೆ ಹುಟ್ಟುವುದಿಲ್ಲ. ಕಣ್ಣು ಬಿಳಿಚಿ ಕುರುಡಾಗುತ್ತದೆ. ಆಗ ಇನ್ನೊಂದು ಕಣ್ಣಿನ ಅಂಚಿನಿಂದ ಎಳ್ಳಿಗಿಂತ ಸಣ್ಣ ತುಣುಕು ತೆಗೆದು, ಹದಿನಾಲ್ಕು ದಿನ ಪೆಟ್ಟಿಗೆಯಲ್ಲಿ ಬೆಳೆಸಿ, ರೂಪಾಯಿಯಗಲದ ಪರದೆ ಮಾಡಿ ಸುಟ್ಟ ಕಣ್ಣಿಗೆ ಹೊದಿಸಬೇಕು. ಇದು ನನ್ನ ಕೆಲಸ. ಪೆಟ್ಟಿಗೆಯೊಳಗೆ ಸದಾ ಮೂವತ್ತೇಳು ಡಿಗ್ರಿ ಕಾವು ಇರಬೇಕು, ಮನುಷ್ಯನ ಮೈಯ ಕಾವು. ಹೊರಗಿನ ಒಂದು ಕಣ ಧೂಳೂ ಒಳಗೆ ಹೋಗಬಾರದು.

ಆಸ್ಪತ್ರೆಯ ಬೆನ್ನಿಗೇ ಬ್ರೆಡ್ಡಿನ ಕಾರ್ಖಾನೆಯಿತ್ತು. ಅದರ ಹುದುಗು ಗಾಳಿಯಲ್ಲಿ ತೇಲಿ ಬಂದು ನನ್ನ ಕೋಶಗಳ ಮೇಲೆ ಕೂರುತ್ತದೆ ಎಂದು ನನಗೆ ಹಗಲಿರುಳು ಭಯ. ಹೀಗಾಗಿ ಬಾಗಿಲಿಗೆ ಹನ್ನೊಂದು ನಿಯಮಗಳ ಬೋರ್ಡು ಹಾಕಿದ್ದೆ. ಚಪ್ಪಲಿ ಹೊರಗೆ, ಕಾಲು ತೊಳೆದು ಒಳಗೆ, ತಲೆಗೆ ಟೊಪ್ಪಿಗೆ, ಬಾಯಿಗೆ ಬಟ್ಟೆ, ಮಾತು ಬೇಡ, ಮುಟ್ಟುವುದು ಬೇಡ. ನಮ್ಮಜ್ಜಿ ಕಾಶೀಬಾಯಿಯ ಮಡಿಯನ್ನು ಆಡಿಕೊಂಡು ನಗುತ್ತಿದ್ದ ನಾನು ಅವಳ ನಾಲ್ಕು ಪಟ್ಟು ಮಡಿ ಮಾಡುತ್ತಿದ್ದೆ. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಬೆನ್ನ ಹಿಂದೆ ‘ಮಡಿ ಸಾಹೇಬ್ರು’ ಎಂದು ಕರೆಯುತ್ತಿದ್ದರು. ಗೊತ್ತಿದ್ದೂ ಸುಮ್ಮನಿದ್ದೆ.

ನನಗೆ ಒಂದೇ ಚಿಂತೆಯಿತ್ತು. ಮೂರು ವರ್ಷದಲ್ಲಿ ಹತ್ತು ಸಲ ಪ್ರಯೋಗಕ್ಕೆಂದು ಪರದೆ ಬೆಳೆಸಿದ್ದೆ. ಆರು ಸಲ ಬಂಗಾರದಂತೆ ಬೆಳೆಯಿತು, ನಾಲ್ಕು ಸಲ ಕಾರಣವೇ ಇಲ್ಲದೆ ಸತ್ತಿತು. ನೀರು ಬದಲಿಸಿದೆ, ಔಷಧ ಬದಲಿಸಿದೆ, ಬ್ರೆಡ್ಡಿನವರ ಜೊತೆ ಜಗಳವಾಡಿದೆ. ಕಾವಿನ ಬಗ್ಗೆ ಮಾತ್ರ ಎಂದೂ ಸಂಶಯ ಬರಲಿಲ್ಲ. ರಾತ್ರಿ ಪಾಳಿಯ ಕಾವಲುಗಾರ ಮೈಲಾರಿ ಗಾಜಿನ ಕಿಟಕಿಯಿಂದ ಗಂಟೆಗೊಮ್ಮೆ ಉಷ್ಣಮಾಪಕ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ಮೂರು ವರ್ಷದ ರಿಜಿಸ್ಟರು ತೆಗೆದರೆ ಪುಟದಿಂದ ಪುಟಕ್ಕೆ ಮೂವತ್ತೇಳು, ಮೂವತ್ತೇಳು, ಮೂವತ್ತೇಳು. ಹೈದರಾಬಾದಿನ ಸಮ್ಮೇಳನವೊಂದರಲ್ಲಿ ನಾನು ಆ ಪುಟಗಳನ್ನೇ ಪರದೆಯ ಮೇಲೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ.

ದಸರೆಗೆ ಎಂಟು ದಿನವಿದ್ದಾಗ ಹುಬ್ಬಳ್ಳಿಯ ಗೋಪನಕೊಪ್ಪದಿಂದ ಹನುಮವ್ವನನ್ನು ಕರೆತಂದರು. ಐವತ್ತರ ಹೆಂಗಸು, ಗಂಡ ಇಲ್ಲ, ಕೌದಿ ಹೊಲಿದು ಜೀವನ. ಹಳೆಯ ಸೀರೆಯ ತುಂಡುಗಳನ್ನು ಅವಳು ಜೋಡಿಸಿ ಹೊಲಿದರೆ ಹೊದೆಯಲು ಮನಸ್ಸು ಬರುವುದಿಲ್ಲ, ಗೋಡೆಗೆ ತೂಗುಹಾಕಬೇಕು ಅನ್ನಿಸುತ್ತದೆ ಎಂದು ಜನ ಹೇಳುತ್ತಿದ್ದರು. ಅವಳ ಎಡಗಣ್ಣು ಏಳನೇ ವಯಸ್ಸಿನಲ್ಲೇ ಚಿಣ್ಣಿದಾಂಡಿನ ಆಟದಲ್ಲಿ ಚಿಣ್ಣಿಯ ಏಟಿಗೆ ಒಳಗೆ ಒಡೆದು ಹೋಗಿತ್ತು. ಉಳಿದದ್ದು ಬಲಗಣ್ಣು. ಹಬ್ಬಕ್ಕೆ ಗೋಡೆಗೆ ಬಳಿಯಲು ಸುಣ್ಣದ ಹರಳು ನೆನೆಸುವಾಗ ಅದು ಕುದಿದು ಸಿಡಿದು ಆ ಕಣ್ಣಿಗೇ ಬಿತ್ತು. ಗಾಯ ಮಾಯಲು ಮೂರು ತಿಂಗಳು ಕಾದೆವು. ಗಾಯ ಮಾಯಿತು, ಕಣ್ಣು ಮಾತ್ರ ಹಾಲಿನ ಕೆನೆಯ ಹಾಗೆ ಬೆಳ್ಳಗಾಗಿ ಹೋಗಿತ್ತು.

ಎಡಗಣ್ಣಿಗೆ ನೋಟ ಇರಲಿಲ್ಲವೇ ಹೊರತು ಅದರ ಅಂಚು ಗಟ್ಟಿಯಾಗಿತ್ತು. ಋತುಜಾ ಅದನ್ನು ನೋಡಿದವಳೇ ಹಿಗ್ಗಿದಳು.

“ಹನುಮವ್ವ, ನಿಮ್ಮ ಎಡಗಣ್ಣಿನಿಂದ ಬೀಜ ತಗೊಂಡು ಬಲಗಣ್ಣಿಗೆ ಪರದೆ ಮಾಡತೇವಿ. ಹತ್ತರಾಗ ಆರು ಸಲ ಬರತದ, ನಾಕು ಸಲ ಬರೂದಿಲ್ಲ. ಖರೇ ಹೇಳಾಕತ್ತೇನಿ.”

ಹನುಮವ್ವ ಎಡಗಣ್ಣಿನ ರೆಪ್ಪೆಯ ಮೇಲೆ ಬೆರಳಿಟ್ಟಳು. “ನಲವತ್ತ ವರ್ಷ ಕುಂತ ತಿಂದೈತ್ರಿ ಈ ಎಡಗಣ್ಣು,” ಎಂದಳು. “ಈಗರ ದುಡೀಲಿ ಬಿಡ್ರಿ.”

ಅವಳ ಜೊತೆ ಬಂದವಳು ಅತ್ತೆ ಉಡಚವ್ವ. ಎಪ್ಪತ್ತೈದು ದಾಟಿದ ಸೂಲಗಿತ್ತಿ. ಗೋಪನಕೊಪ್ಪದ ಅರ್ಧ ಊರನ್ನು ಈ ಭೂಮಿಗೆ ಇಳಿಸಿದವಳು ತಾನೇ ಎಂದು ಹೇಳಿಕೊಳ್ಳುತ್ತಿದ್ದಳು. ಆದರೆ ಅಂದು ಸುಣ್ಣದ ಹರಳಿಗೆ ನೀರು ಸುರಿದ ಕೈಯೂ ಅವಳದೇ. ಅದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ. ಅವಳೇ ದಿನಕ್ಕೆ ನಾಲ್ಕು ಸಲ ಎತ್ತಿ ಆಡುತ್ತಿದ್ದಳು. ಸೊಸೆಯನ್ನು ಬಿಟ್ಟು ಕದಲದೆ, ವಾರ್ಡಿನ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಠಿಕಾಣಿ ಹೂಡಿದಳು. ಆ ಕೌದಿ ಹನುಮವ್ವ ಮೊದಲ ಸಲ ಹೊಲಿದದ್ದು, ತನ್ನ ತವರವ್ವನ ಕೆಂಪು ಇಳಕಲ್ ಸೀರೆಗಳಿಂದ. ಕಣ್ಣು ಹೋದ ಮೇಲೆ ಹನುಮವ್ವ ಅದನ್ನು ದಿನವೂ ಬೆರಳಿನಿಂದ ತಡವಿ ನೋಡುತ್ತಿದ್ದಳು.

ಸೋಮವಾರ ಋತುಜಾ ತುಣುಕು ತೆಗೆದಳು. ನಾನು ಅದನ್ನು ಪೆಟ್ಟಿಗೆಯಲ್ಲಿಟ್ಟು ಹೊರಬರುವಷ್ಟರಲ್ಲಿ ಉಡಚವ್ವ ಬಾಗಿಲಿಗೇ ಅಡ್ಡ ನಿಂತಿದ್ದಳು.

“ಪೆಟಗಿಯೊಳಗ ಏನ ಮಾಡಿದ್ರಿ ಹೇಳ್ರಿ.”

“ಆಕಿ ಕಣ್ಣಿನ ತುಣುಕು ಬೆಳೀಲಿಕ್ಕೆ ಇಟ್ಟೇನಿ.”

“ಯಾತರ ಮ್ಯಾಲ ಇಟ್ಟೀರಿ?”

“ಬಸಿರಾಗ ಕೂಸಿನ ಸುತ್ತ ತೆಳ್ಳನ ಪೊರಿ ಇರತದಲ್ಲ, ಅದರ ಮ್ಯಾಲ. ಹೆರಿಗಿ ಆದಮ್ಯಾಲ ಬೀಳೋ ಕಸದಿಂದ ಬಿಡಿಸಿ, ತೊಳದು, ಇಟ್ಟಿರತೇವಿ.”

ಮುದುಕಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ನಾನೂರ ಹೆರಗಿ ಮಾಡೇನ್ರಿ ನಾನು. ನಾನೂರ ಕಸ ತಿಪ್ಪಿ ಹಿಂದ ನನ್ನ ಕೈಯಾರೆ ಹುಗದೇನಿ. ಅಂದ್ರ ಎಷ್ಟ ಮಂದಿ ಕಣ್ಣ ಹುಗದೇನೋ ಯಪ್ಪಾ!”

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

“ಬೆಚ್ಚಗ ಐತೇನು ಒಳಗ?”

“ಮೈ ಎಷ್ಟು ಬೆಚ್ಚಗಿರತದೋ ಅಷ್ಟ.”

“ಉಣ್ಣಾಕ?”

“ಹನುಮವ್ವಂದs ರಕ್ತ ತಗದು, ಅದರ ತಿಳಿನೀರು ಹಾಕೇವಿ.”

ಉಡಚವ್ವ ಬೆರಳು ಮಡಿಚಿ ಎಣಿಸಿದಳು. “ಪೊರಿ ಐತಿ. ಕಾವ ಐತಿ. ಅವ್ವನ ರಕ್ತ ಐತಿ. ದಿನಾ ದಿನಾ ಬೆಳೀತೈತಿ ಅಂತೀರಿ. ಮತ್ತ ಅದು ಕೂಸ ಅಲ್ಲಂದ್ರ ಏನ್ರಿ ಸಾಹೇಬ್ರ?”

ಮೂರು ಪದವಿಗಳ ಒಡೆಯನಾದ ನಾನು ಬೋರ್ಡು ಓದಿ ಎಂದು ಹೇಳಿ ಹೋದೆ. ಅವಳಿಗೆ ಓದಲು ಬರುವುದಿಲ್ಲ ಎಂಬುದು ಮೆಟ್ಟಿಲು ಹತ್ತುವಾಗ ನೆನಪಾಯಿತು.

ಶುಕ್ರವಾರ ಸಂಜೆ ಅವಳು ತಟ್ಟೆ ಹಿಡಿದುಕೊಂಡು ಬಂದಳು. ತಟ್ಟೆಯಲ್ಲಿ ಅರಿಷಿಣ, ಕುಂಕುಮ, ಒಂದು ಬಿಳಿ ಹಾಳೆ, ಹೊಸ ಪೆನ್ನು. ನನಗೆ ತಕ್ಷಣ ಹೊಳೆಯಿತು, ಸಿಟ್ಟು ನೆತ್ತಿಗೇರಿತು. ನಮ್ಮ ಕಡೆ ಕೂಸು ಹುಟ್ಟಿದ ಐದನೆಯ ದಿನ ಶೆಟಿಗೆವ್ವ ಬರುತ್ತಾಳೆ, ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ ಎಂಬ ನಂಬಿಕೆ. ಅವಳಿಗೆಂದು ತೊಟ್ಟಿಲ ಹತ್ತಿರ ಹಾಳೆ, ಪೆನ್ನು ಇಡುತ್ತಾರೆ. ಬೆಳಿಗ್ಗೆ ಹಾಳೆ ಖಾಲಿಯೇ ಇರುತ್ತದೆ, ಆದರೆ ಬರೆದಾಗಿರುತ್ತದೆ. ಅದನ್ನು ಓದುವುದು ಮನುಷ್ಯರಿಗೆ ಸಾಧ್ಯವಿಲ್ಲ.

“ಇವತ್ತಿಗೆ ಐದ ದಿನಾ ಆತ್ರಿ,” ಎಂದಳು ಉಡಚವ್ವ. “ಪೆಟಗಿ ಹಂತ್ಯಾಕ ಇದನ್ನ ಇಡ್ರಿ.”

“ಸಾಧ್ಯಿಲ್ಲ! ಅದು ಪ್ರಯೋಗಶಾಲೆ, ಬಾಣಂತಿ ಕೋಣೆ ಅಲ್ಲ.”

“ಐದನೇ ದಿನ ಶೆಟಿಗೆವ್ವಗ ಹಾಳಿ ಇಡದ ಕೂಸು ನಾನೂರರಾಗ ಒಂದೂ ಇಲ್ರಿ. ಈ ಒಂದಕ್ಕ ತಪ್ಪಿಸಿ ಆಕಿ ಕಣ್ಣ ಹೋತಂದ್ರ? ಒಮ್ಮಿ ನೀರ ಸುರದ ಹಾಳ ಮಾಡೇನಿ. ಇನ್ನೊಮ್ಮಿ ಬ್ಯಾಡ್ರಿ.”

ಅವಳು ತಟ್ಟೆಯನ್ನು ಇನ್ನೂ ಮುಂದೆ ಚಾಚಿದಳು. ಮೇಲಿಂದ ಇಳಿದು ಬಂದ ಋತುಜಾ ಇಬ್ಬರನ್ನೂ ನೋಡಿದಳು. “ಒಳಗ ಬ್ಯಾಡ, ಹೊರಗ ಕಿಟಕಿ ಬಾಜೂ ಸ್ಟೂಲಿನ ಮ್ಯಾಲ ಇಡಲಿ. ನಿಂದೇನು ಗಂಟು ಹೋಗತದ?”

ಹೆಂಡತಿ ರೋಗಿಗಳೆದುರು ಹೀಗೆ ಕೇಳಿದರೆ ಯಾವ ಗಂಡ ಏನು ಹೇಳಬಲ್ಲ? ಒಪ್ಪಿದೆ. ಆದರೆ ಒಪ್ಪಿದ ಸಿಟ್ಟನ್ನು ಎಲ್ಲಾದರೂ ಕಕ್ಕಬೇಕಲ್ಲ. ಆಗ ತಾನೇ ಪಾಳಿಗೆ ಬಂದ ಮೈಲಾರಿ ಕಣ್ಣಿಗೆ ಬಿದ್ದ.

“ಮೈಲಾರಿ, ಇವತ್ತು ರಿಜಿಸ್ಟರ್ ಬ್ಯಾಡ. ತಾಸಿಗೊಮ್ಮೆ ಎಷ್ಟು ಡಿಗ್ರಿ ಅದ ಅಂತ ಈ ಹಾಳಿ ಮ್ಯಾಲ ಬರಿ. ಹೆಂಗೂ ಖಾಲಿ ಬಿದ್ದಿರತದ. ಶೆಟಿಗೆವ್ವನೂ ನಾಕು ವಿಜ್ಞಾನ ಕಲೀಲಿ.”

ಮೈಲಾರಿ ಎರಡು ಹೆಜ್ಜೆ ಹಿಂದೆ ಸರಿದ. ಆರಡಿ ಆಳು, ಹುರಿಮೀಸೆ, ಕಾವಲುಗಾರ ಎನ್ನಲು ಹೇಳಿ ಮಾಡಿಸಿದ ಮೈಕಟ್ಟು. “ಸಾಹೇಬ್ರ, ಅದರ ಮ್ಯಾಲ ಮಾತ್ರ ಬ್ಯಾಡ್ರಿ.”

“ಯಾಕ?”

“ಅದರ ಮ್ಯಾಲ ಬರದದ್ದು ಹುಸಿ ಆಗಾಂಗಿಲ್ರಿ.”

“ಹುಸಿ ಯಾಕ ಬರೀತಿ? ಇದ್ದದ್ದ ಬರಿ!”

ಮೈಲಾರಿ ಪೆನ್ನು ಎತ್ತಿಕೊಂಡ, ಮತ್ತೆ ತಟ್ಟೆಯಲ್ಲೇ ಇಟ್ಟ. ಉಡಚವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, ಕೊನೆಗೆ ತಲೆಯಾಡಿಸಿದಳು. “ಇರಲಿ. ಕೈ ಯಾರದರ ಇರಲಿ, ಬರಸೂವಾಕಿ ಆಕಿ. ನೆಟ್ಟಗ ಬರಿಯೋ ತಮ್ಮಾ.”

ನಾನು ಗೆದ್ದೆ ಎಂದುಕೊಂಡು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದು ಮಲಗಿದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಹೋದರೆ ಪ್ರಯೋಗಶಾಲೆಯ ಬಾಗಿಲು ಹಾರು ಹೊಡೆದಿತ್ತು. ಹೊರಗೆ ಎರಡು ಜೊತೆ ಚಪ್ಪಲಿ, ತೊಳೆದ ಕಾಲಿನ ಹಸಿ ಗುರುತು. ಒಳಗೆ ನೋಡಿದೆ. ನಾಲ್ಕು ಲಕ್ಷದ ನನ್ನ ಪೆಟ್ಟಿಗೆಗೆ ಕೆಂಪು ಕೌದಿ ಸುತ್ತಿ, ಮೇಲೆ ಸೀರೆಯ ದಡಿಯಿಂದ ಬಿಗಿದು ಕಟ್ಟಿದ್ದರು. ಎಡಬಲಕ್ಕೆ ಬಿಸಿನೀರು ತುಂಬಿದ ಸಲೈನ್ ಬಾಟಲಿಗಳು. ಕಾಲಡಿ ಬಟ್ಟೆ ಸುತ್ತಿದ ಇಟ್ಟಂಗಿಗಳು. ಹಸಿ ಬಾಣಂತಿಯ ಹಾಗೆ ಕಾಣುತ್ತಿದ್ದ ಅದರ ನೆತ್ತಿಯ ಮೇಲೆ ಆಪರೇಷನ್ ಥೇಟರಿನ ಹಸಿರು ಟೊಪ್ಪಿಗೆಯೂ ಇತ್ತು. ಅಂಥದ್ದೇ ಟೊಪ್ಪಿಗೆ ಹಾಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೈಲಾರಿ ಮತ್ತು ಉಡಚವ್ವ ನೆಲದ ಮೇಲೆ ಕೂತಿದ್ದರು. ನಿಯಮದ ಬೋರ್ಡನ್ನು ಮೈಲಾರಿ ಮುದುಕಿಗೆ ಓದಿ ಹೇಳಿ, ಹನ್ನೊಂದರಲ್ಲಿ ಒಂಬತ್ತು ಪಾಲಿಸಿದ್ದ.

ನಾನು ಏನೇನು ಕಿರುಚಿದೆ ಎಂದು ಬರೆಯುವುದಿಲ್ಲ. ಬ್ರೆಡ್ಡಿನ ಕಾರ್ಖಾನೆಯವರು ಗೋಡೆ ಹತ್ತಿ ನೋಡಿದರು. ಮೂರು ವರ್ಷ ಕಾದ ಮಡಿಯೆಲ್ಲ ಒಂದು ಕೌದಿಯ ಧೂಳಿನಲ್ಲಿ ಹೋಯಿತು, ಹನುಮವ್ವನ ಕಣ್ಣು ಹೋಯಿತು, ಇಬ್ಬರೂ ಹೊರಗೆ ನಡೆಯಿರಿ ಎಂದದ್ದು ನೆನಪಿದೆ. ಮೈಲಾರಿ ಎದ್ದ. ಆ ಹಾಳೆಯನ್ನು ನನ್ನ ಕೈಗೆ ಕೊಟ್ಟ.

ಅರಿಷಿಣ ಕುಂಕುಮ ಹಚ್ಚಿದ ಹಾಳೆಯ ಮೇಲೆ ದಪ್ಪ ಅಕ್ಷರ. ರಾತ್ರಿ ಒಂಬತ್ತಕ್ಕೆ 37. ಹತ್ತಕ್ಕೆ 37. ಹೀಗೇ ಒಂದರ ತನಕ. ಎರಡಕ್ಕೆ 36. ಮೂರಕ್ಕೆ 34, ಅದರ ಮುಂದೆ ‘ತಪ್ಪಾತು ತಾಯಿ’ ಎಂದು ಬರೆದಿದ್ದ. ನಾಲ್ಕಕ್ಕೆ 35. ಐದಕ್ಕೆ ಮೂವತ್ತಾರೂವರೆ. ಆರಕ್ಕೆ 37. ಏಳಕ್ಕೆ 37.

“ಒಂದಕ್ಕ ಕರೆಂಟ್ ಹೋತ್ರಿ,” ಎಂದ ಮೈಲಾರಿ. ಅವನ ದನಿ ಬಿದ್ದುಹೋಗಿತ್ತು. “ಜನರೇಟರ್ ಕುರ್ರ್ ಅಂತು, ಸುಮ್ಮನಾತು. ಅದರ ಬ್ಯಾಟರಿ ಸತ್ತಿತ್ರಿ. ನಿಮ್ಮ ಮನಿಗೆ ಫೋನ್ ಹಚ್ಚಿದೆ, ರಿಂಗ್ ಆಗಲಿಲ್ಲ. ಟಾರ್ಚ್ ಹಾಕಿ ಕಿಟಕಿಯಾಗಿಂದ ನೋಡತೇನಿ, ಪಾದರಸ ಇಳೀಲಿಕ್ಕತ್ತೈತಿ. ಮೂವತ್ನಾಕು ಅಂತ ಬರದ ಕೂಡ್ಲೇ ತಪ್ಪಾತು ತಾಯಿ ಅಂತನೂ ಬರದೆರಿ. ಇದು ಹನುಮವ್ವನ ಹಣಿಬರಾ. ನಾ ಮೂವತ್ನಾಕು ಬರದ್ರ ಆಕಿಗೆ ಮೂವತ್ನಾಕs ಗತಿ. ಮೂವತ್ತೇಳು ಬರೀಬೇಕಂದ್ರ ಮೊದಲ ಅದು ಮೂವತ್ತೇಳು ಆಗಬೇಕಲ್ರಿ! ಓಡಿ ಹೋಗಿ ಈ ಆಯಿನ್ನ ಎಬಿಸಿದೆ, ನೀರು, ಇಟ್ಟಂಗಿ ಕಾಸಿ ತಂದ್ವಿ, ಕರೆಂಟ್ ಬಂದದ್ದು ಏಳಕ್ಕರಿ.”

“ದಿನಾ ತುಂಬದ ಹುಟ್ಟಿದ ಕೂಸಿಗೆ ಹಿಂಗ ಮಾಡತೇವ್ರಿ,” ಎಂದಳು ಉಡಚವ್ವ. “ಪೆಟಗಿ ಬಾಗಲಾ ಮಾತ್ರ ತಗದಿಲ್ಲ. ತಗದ್ರ ಸಾಹೇಬ್ರು ಕೊಲ್ತಾರಂತ ಇಂವ ಅಡ್ಡ ನಿಂತಿದ್ದ.”

ನನ್ನ ತಲೆಯಲ್ಲಿ ಬೇರೆಯೇ ಒಂದು ಲೆಕ್ಕ ತಿರುಗತೊಡಗಿತ್ತು. ನಮ್ಮಲ್ಲಿ ರಾತ್ರಿ ಕರೆಂಟು ಹೋಗುವುದು ಇದೇ ಮೊದಲೇನು? ಬೀರು ತೆರೆದು ರಿಜಿಸ್ಟರುಗಳನ್ನು ಹೊರಗೆ ಎಳೆದೆ. ಲಕಮನಹಳ್ಳಿಯಲ್ಲಿ ಇಡೀ ರಾತ್ರಿ ಕತ್ತಲಾಗಿದ್ದ ದಿನ ನನಗೆ ನೆನಪಿತ್ತು. ರಿಜಿಸ್ಟರಿನಲ್ಲಿ ಆ ರಾತ್ರಿಯೂ ಮೂವತ್ತೇಳು. ಪುಟ ತಿರುವಿದೆ. ಜೂನ್ ಮೂವತ್ತೊಂದನೇ ತಾರೀಖಿನಂದೂ ಮೂವತ್ತೇಳು ಡಿಗ್ರಿ ಇತ್ತು. ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ನನ್ನದೇ ರುಜು.

“ಮೈಲಾರಿ, ಇದನ್ನ ಯಾವಾಗ ಬರೀತಿದ್ದಿ?”

“ರಾತ್ರಿ ಒಂಬತ್ತಕ್ಕರಿ.”

“ಬೆಳಿಗ್ಗಿ ಆರರದ್ದು?”

“ಅದನೂ ಒಂಬತ್ತಕ್ಕರಿ. ಬರದು ಮಕ್ಕೋತಿದ್ದೆ.” ಅವನು ತಲೆ ತಗ್ಗಿಸಿದ. ಒಮ್ಮೆ ಹೇಳಲು ಶುರು ಮಾಡಿದ ಮೇಲೆ ಪೂರ್ತಿ ಹೇಳಿಯೇಬಿಟ್ಟ. “ನೀವ ಮೂವತ್ತೇಳು ಇರಬೇಕು, ಮೂವತ್ತೇಳs ಇರಬೇಕು ಅಂತ ಒದರತಿದ್ರಿ. ನಿಮಗ ಸಮಾಧಾನ ಆಗಲಿ ಅಂತ ಬರೀತಿದ್ದೆ.”

“ಮತ್ತ ನಿನ್ನೆ ಯಾಕ ಖರೇ ಬರದಿ?”

“ರಿಜಿಸ್ಟರ್ ಓದಾವ್ರು ನೀವ್ರಿ. ಇದನ್ನ ಓದೂವಾಕಿ ಆಕಿ.”

ನಾನು ಕುರ್ಚಿ ಹುಡುಕಿ ಕೂತೆ. ಕಾರಣವಿಲ್ಲದೆ ಸತ್ತ ನಾಲ್ಕು ಪರದೆಗಳಿಗೂ ಅಂದು ಕಾರಣ ಸಿಕ್ಕಿತು. ಮೂರು ವರ್ಷ ನಾನು ನೀರನ್ನು ಬೈದೆ, ಬ್ರೆಡ್ಡನ್ನು ಬೈದೆ. ಹೈದರಾಬಾದಿನಲ್ಲಿ ಚಪ್ಪಾಳೆ ತಟ್ಟಿಸಿಕೊಂಡದ್ದು ಮೈಲಾರಿಯ ಗಾಢ ನಿದ್ರೆಗೆ ಎಂದು ಯೋಚಿಸಿ ನಾಚಿಕೆಯಾಯಿತು. ಅವನನ್ನು ಬೈಯಲು ಬಾಯಿ ತೆರೆದೆ. ಕೈಯಲ್ಲಿದ್ದ ಹಾಳೆ ಬೈಯಲು ಬಿಡಲಿಲ್ಲ. ಕೆಲಸ ಮಾತ್ರ ಆಯಿತು. ಅಂದೇ ಜನರೇಟರಿಗೆ ಹೊಸ ಬ್ಯಾಟರಿ ಬಂತು, ಎರಡನೇ ಜನರೇಟರಿಗೆ ಅರ್ಜಿಯೂ ಹೋಯಿತು.

ಕೌದಿ ಬಿಚ್ಚಿದಾಗ ಮೂಲೆಯಲ್ಲಿ ಅಂಗೈಯಗಲ ಸುಟ್ಟಿತ್ತು. ಇಟ್ಟಂಗಿಯ ಕಾವು ಹೆಚ್ಚಾಗಿ ಬಟ್ಟೆ ಕರಿಕಾಗಿತ್ತು. ಉಡಚವ್ವ ಅದನ್ನು ಗಡಬಡಿಸಿ ಮಡಚಿದಳು.

“ಆಕಿಗೆ ಹೇಳಬ್ಯಾಡ್ರಿ. ಅವರವ್ವನ ಸೀರಿ ಅದು. ಗೋಪನಕೊಪ್ಪದಾಗ ಗೌರಕ್ಕ ಅದಾಳ, ಇಕಿ ಹಂತ್ಯಾಕs ಹೊಲಗಿ ಕಲತಾಕಿ. ಬೆರಳಿಗೆ ಗೊತ್ತಾಗದಂಗ ತ್ಯಾಪಿ ಹಚ್ಚತಾಳ.”

ಮರುದಿನವೇ ತ್ಯಾಪೆ ಬಿತ್ತು. ಗೌರಕ್ಕನ ಹತ್ತಿರ ಕೆಂಪು ತುಂಡು ಇರಲಿಲ್ಲ, ಗಿಳಿಹಸಿರು ಇತ್ತು. ಕಾಣದವಳಿಗೆ ಯಾವ ಬಣ್ಣವಾದರೇನು ಎಂದು ಅದನ್ನೇ ಹಚ್ಚಿದಳು. ಹೊಲಿಗೆ ಮಾತ್ರ ಗುರುವಿಗೆ ತಕ್ಕದ್ದು. ಹನುಮವ್ವ ಸಂಜೆ ಕೌದಿಯನ್ನು ತಡವುತ್ತ ಆ ಮೂಲೆಯ ಮೇಲೆ ಬೆರಳಾಡಿಸಿದಳು, ನಾವು ಉಸಿರು ಬಿಗಿಹಿಡಿದು ನಿಂತೆವು. ಬೆರಳು ನಿಲ್ಲದೆ ಮುಂದೆ ಹೋಯಿತು.

ಇನ್ನೊಂದು ಭಯ ಉಳಿದಿತ್ತು. ಕೋಶಗಳಿರುವ ದ್ರವ ಗುಲಾಬಿ ಬಣ್ಣದ್ದು. ಧೂಳೋ ಹುದುಗೋ ಸೇರಿದ್ದರೆ ಮೂರು ದಿನದೊಳಗೆ ಹಳದಿಯಾಗಿ ಕದಡುತ್ತದೆ. ಏಳನೆಯ ದಿನ ನೋಡಿದೆ, ಗುಲಾಬಿ. ಎಂಟನೆಯ ದಿನ, ಗುಲಾಬಿ. ಒಂಬತ್ತನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಫರಸಿಕಲ್ಲು ಹಾಸಿದ ಅಂಗಳದ ಹಾಗೆ ಒಂದಕ್ಕೊಂದು ಒತ್ತಾಗಿ ಕೂತು ಪೊರೆಯ ತುಂಬ ಹಬ್ಬಿದ್ದವು. ಓಡಿ ಹೋಗಿ ಉಡಚವ್ವನಿಗೆ ಹೇಳಿದೆ. ಹೆಂಡತಿಗಿಂತ ಮೊದಲು ಅವಳಿಗೆ ಯಾಕೆ ಹೇಳಿದೆನೋ ಗೊತ್ತಿಲ್ಲ.

“ಗುಲಾಬಿ ಐತಂದ್ರ ಕೂಸ ಹುಷಾರ ಐತಿ,” ಎಂದಳು ಅವಳು, ಇದೇನು ದೊಡ್ಡ ಸುದ್ದಿ ಎಂಬಂತೆ. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಮಾತ್ರ ನಾನು ನೋಡಿದೆ.

ಹದಿನಾಲ್ಕನೆಯ ದಿನ ಋತುಜಾ ಪರದೆ ಹೊದಿಸಿದಳು. ಥೇಟರಿಗೆ ಹೋಗುವಾಗ ಹನುಮವ್ವ ಅವಳ ಕೈ ಹಿಡಿದು ಕೇಳಿದಳಂತೆ, “ಎಷ್ಟ ಹೊಲಗಿ ಹಾಕ್ತೀರಿ?” ಎಂಟು ಎಂದರೆ, “ವಾರಿ-ಸೊಟ್ಟ ಹಾಕಬ್ಯಾಡ್ರಿ ಯವ್ವಾ, ಎಳಕೊಂಡ ಕುಂದರತೈತಿ,” ಎಂದಳಂತೆ. ಹದಿನೆಂಟು ವರ್ಷದ ವೃತ್ತಿಯಲ್ಲಿ ತನಗೆ ಯಾವ ಪ್ರೊಫೆಸರೂ ಇಷ್ಟು ಹೆದರಿಕೆ ಹುಟ್ಟಿಸಿರಲಿಲ್ಲ ಎಂದಳು ಋತುಜಾ.

ಪಟ್ಟಿ ಬಿಚ್ಚಿದ ಕೂಡಲೇ ಲೋಕ ಕಾಣುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಮೊದಲ ವಾರ ಹನುಮವ್ವ, “ಬೆಳಕ ಐತ್ರಿ, ಮಂಜ ಐತ್ರಿ,” ಎಂದಳು. ಮೂರನೆಯ ವಾರವೂ ಮಂಜು. ಮುಖದ ಮುಂದೆ ಕೈ ಆಡಿಸಿದರೆ ಏನೋ ಆಡುತ್ತದೆ ಎನ್ನುವಳು, ಕೈಯೋ ಬೀಸಣಿಗೆಯೋ ತಿಳಿಯದು. ಮೂವತ್ನಾಲ್ಕು ಡಿಗ್ರಿಯ ಆ ಒಂದು ತಾಸು ಪರದೆಗೆ ಏನು ಮಾಡಿತ್ತೋ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ. ನನಗೆ ಆ ಹೆಂಗಸಿನ ಕಣ್ಣು ಬೇಕಾಗಿತ್ತು. ಸಮ್ಮೇಳನ, ಚಪ್ಪಾಳೆ, ಯಾವುದೂ ಬೇಡವಾಗಿತ್ತು.

ಆರನೆಯ ವಾರ ತಪಾಸಣೆಗೆ ಬಂದಾಗ ಎಲ್ಲರೂ ಅಲ್ಲಿದ್ದೆವು. ಹಗಲಾದರೂ ಮೈಲಾರಿ ನಿದ್ದೆ ಬಿಟ್ಟು ಬಂದಿದ್ದ. ಉಡಚವ್ವ ಎದುರಿನ ಗೋಡೆಗೆ ಒರಗಿ ಕೂತು, ಕೌದಿಯನ್ನು ಮೊಣಕಾಲ ಮೇಲೆ ಹೊದ್ದಿದ್ದಳು. ಚಳಿಗಾಲ ಮುಗಿದಿದ್ದರೂ ಅದನ್ನು ಬಿಟ್ಟಿರಲಿಲ್ಲ. ಗೋಡೆಯ ಅಕ್ಷರಫಲಕ ಹನುಮವ್ವನಿಗೆ ಉಪಯೋಗವಿಲ್ಲ, ಅವಳು ಸಾಲೆಗೆ ಹೋದವಳಲ್ಲ. ಋತುಜಾ ಬೆರಳು ತೋರಿಸಿ ಎಷ್ಟು ಎಂದು ಕೇಳಲು ಕೈ ಎತ್ತಿದಳು. ಹನುಮವ್ವ ಆ ಕಡೆ ನೋಡಲೇ ಇಲ್ಲ. ಕಣ್ಣು ಕಿರಿದು ಮಾಡಿ, ಕುತ್ತಿಗೆ ಮುಂದೆ ಚಾಚಿ, ಅತ್ತೆಯ ಮೊಣಕಾಲನ್ನೇ ನೋಡುತ್ತಿದ್ದಳು.

“ಅತ್ತೀ,” ಎಂದಳು. “ನಮ್ಮವ್ವನ ಕೆಂಪಿನಾಗ ಈ ಹಸರ ಯಾವಾಕಿ ಹಚ್ಚಿದಾಕಿ?”

ಮೈಲಾರಿ ನನ್ನ ಮುಖ ನೋಡಿದ, ನಾನು ಉಡಚವ್ವನ ಮುಖ ನೋಡಿದೆ.

“ಕೇಳಾಕತ್ತೇನಿ! ಕೆಂಪಿಗೆ ಗಿಳಿಹಸರ ಹಚ್ಚತಾರ? ಮೂಲ್ಯಾಗ? ಕಣ್ಣ ಇಲ್ಲೇನ ಆಕಿಗೆ? ಯಾರ ಹರದ್ರು ನನ್ನ ಕೌದಿ?”

“ನಾನs ಸುಟ್ಟೇನ್ ಯವ್ವಾ,” ಎಂದ ಮೈಲಾರಿ. ಅಷ್ಟು ದೊಡ್ಡ ಆಳು ಮೂಗು ಸುರಿಸುತ್ತ ನಿಂತಿದ್ದ. “ಇಟ್ಟಂಗಿ ಕಾವ ಹೆಚ್ಚಾತು. ನಾನs. ಬೈ ಯವ್ವಾ, ಬೈ.”

ಹನುಮವ್ವ ಬೈದಳು. ಅವನನ್ನು, ಗೌರಕ್ಕನನ್ನು, ಮುಚ್ಚಿಟ್ಟ ನಮ್ಮೆಲ್ಲರನ್ನು ಐದು ನಿಮಿಷ ಒಂದೇ ಸಮನೆ ಬೈದಳು. ಯಾರೂ ತಡೆಯಲಿಲ್ಲ. ಋತುಜಾ ಕಿಟಕಿಯ ಕಡೆ ತಿರುಗಿ ನಿಂತಳು. ಉಡಚವ್ವ ಕೌದಿಯ ಹಸಿರು ಮೂಲೆಯನ್ನು ಎರಡೂ ಕೈಯಲ್ಲಿ ಎತ್ತಿ ಸೊಸೆಗೆ ಕಾಣುವ ಹಾಗೆ ಹಿಡಿದುಕೊಂಡು ಅಳುತ್ತಿದ್ದಳು. ಎಷ್ಟು ಬೈಗಳು ಬಿದ್ದರೂ ಅದನ್ನು ಕೆಳಗಿಳಿಸಲಿಲ್ಲ.

ತಪಾಸಣೆಯ ಫಲಿತಾಂಶ ಬರೆಯಲು ನನ್ನ ಮುಂದೆ ಅಚ್ಚುಕಟ್ಟಾದ ಒಂದು ಫಾರ್ಮಿತ್ತು. ಅದನ್ನು ಬದಿಗಿಟ್ಟು, ಫೈಲಿನಲ್ಲಿ ಜೋಪಾನ ಮಾಡಿದ್ದ ಶೆಟಿಗೆವ್ವನ ಕಾಗದ ತೆಗೆದೆ. ಮೈಲಾರಿಯ ಕೊನೆಯ ಮೂವತ್ತೇಳರ ಕೆಳಗೆ ಜಾಗವಿತ್ತು. ‘ಎಂಟು ಅಡಿ ದೂರದಿಂದ, ಕೆಂಪಿನಲ್ಲಿ ಹಸಿರು ಕಂಡಿದೆ’ ಎಂದು ಇದ್ದದ್ದನ್ನೇ ಬರೆದು ರುಜು ಹಾಕಿದೆ.